ಅವಳ ಕಾರ್ಡು ಒಳಗಿತ್ತು

ಪೀಣ್ಯದ ನಮ್ಮ ಮೋಟಾರ್ ಕಾರ್ಖಾನೆಯಲ್ಲಿ ಬೆಳಿಗ್ಗೆ ಎಂಟು ದಾಟಿತೆಂದರೆ ಪಂಚಿಂಗ್ ಗಡಿಯಾರ ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ ಹೊತ್ತು ಒತ್ತುತ್ತಿತ್ತು. ತಿಂಗಳಲ್ಲಿ ಮೂರು ಕೆಂಪು ಬಿದ್ದರೆ ಮೆಮೊ. ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ ಟೈಂಕೀಪರ್ ನಕ್ಕಿದ್ದನ್ನು ಯಾರೂ ಕಂಡಿರಲಿಲ್ಲ. ಮನೆಯಲ್ಲಿ ಹೆಂಡತಿಗೂ ಕಾರ್ಡು ಮಾಡಿಸಿದ್ದಾರೆ ಎಂದು ನಾವು ಹೆಂಗಸರು ಆಡಿಕೊಳ್ಳುತ್ತಿದ್ದೆವು.

ನನ್ನ ಪಕ್ಕದಲ್ಲಿ ಕೂತು ಕಾಯಿಲ್ ಸುತ್ತುತ್ತಿದ್ದವಳು ಜಾಲಹಳ್ಳಿಯಿಂದ ಬರುತ್ತಿದ್ದಳು. ಗಂಡ ಬಿಟ್ಟುಹೋಗಿದ್ದ. ಮೂರು ವರ್ಷದ ಮಗಳನ್ನು ಬಿಡಬೇಕಾದ ಬಾಲವಾಡಿಯ ಬಾಗಿಲು ತೆರೆಯುತ್ತಿದ್ದುದೇ ಎಂಟೂವರೆಗೆ. ಆಗಲೇ ಎರಡು ಮೆಮೊ ಆಗಿತ್ತು, ಮೂರನೆಯದಕ್ಕೆ ಕೆಲಸ ಹೋಗುತ್ತಿತ್ತು.

ಹಾಗಾಗಿ ಅವಳ ಕಾರ್ಡನ್ನು ನಾನೇ ಹೊಡೆಯುತ್ತಿದ್ದೆ. ಎಂಟಕ್ಕೆ ಐದು ನಿಮಿಷ ಇರುವಾಗ ಎಲ್ಲರೂ ಒಟ್ಟಿಗೆ ನುಗ್ಗುತ್ತಿದ್ದೆವು. ಆ ನೂಕುನುಗ್ಗಲಲ್ಲಿ ಒಂದು ಕೈ ಎರಡು ಕಾರ್ಡು ಹೊಡೆದರೆ ಟೈಂಕೀಪರಿಗೂ ಕಾಣುತ್ತಿರಲಿಲ್ಲ. ಒಂಬತ್ತರ ಹೊತ್ತಿಗೆ ಅವಳು ಕ್ಯಾಂಟೀನಿನ ಹಿಂದಿನ ಗೇಟಿನಿಂದ ಬಂದು ಕೂರುತ್ತಿದ್ದಳು. ಎಂಟು ತಿಂಗಳು ಹೀಗೇ ನಡೆಯಿತು. ನನಗೆ ಒಂದು ದಿನವೂ ತಪ್ಪು ಅನ್ನಿಸಲಿಲ್ಲ, ನಿಜ ಹೇಳಬೇಕೆಂದರೆ ಸ್ವಲ್ಪ ಹೆಮ್ಮೆಯೇ ಇತ್ತು.

ಒಂದು ಬೆಳಿಗ್ಗೆ, ಅವಳು ಇನ್ನೂ ಬಂದಿರಲಿಲ್ಲ, ವಾರ್ನಿಷ್ ಕೋಣೆಗೆ ಬೆಂಕಿ ಬಿತ್ತು. ಎಲ್ಲರೂ ಅಂಗಳಕ್ಕೆ ಓಡಿ ಬಂದೆವು. ಟೈಂಕೀಪರ್ ಕಾರ್ಡುಗಳನ್ನು ಬಾಚಿ ತಂದು ಒಂದೊಂದೇ ಹೆಸರು ಕೂಗಿದರು. ಅವಳ ಹೆಸರಿಗೆ ಯಾರೂ ಓಗೊಡಲಿಲ್ಲ. ಮತ್ತೆ ಕೂಗಿದರು.

ನಾನು ಬಾಯಿ ತೆರೆದೆ, ಮುಚ್ಚಿದೆ. ಹೇಳಿದರೆ ಇಬ್ಬರ ಕೆಲಸವೂ ಹೋಗುತ್ತದೆ ಎಂಬುದೊಂದೇ ತಲೆಯಲ್ಲಿತ್ತು. ಅಷ್ಟರಲ್ಲಿ ಅವರು ಟವೆಲ್ಲು ನೆನೆಸಿ ಮುಖಕ್ಕೆ ಸುತ್ತಿಕೊಂಡು ಹೊಗೆಯೊಳಕ್ಕೆ ನುಗ್ಗಿಬಿಟ್ಟರು. "ಸಾರ್, ಅವಳು ಒಳಗಿಲ್ಲ ಸಾರ್!" ಎಂದು ಆಮೇಲೆ ಕಿರುಚಿದೆ. ಕೇಳಿಸಿಕೊಳ್ಳಲು ಅವರಿರಲಿಲ್ಲ.

ಹೊರಬಂದಾಗ ಹುಬ್ಬು ಸುಟ್ಟಿತ್ತು, ಉಸಿರಾಡಲು ಆಗುತ್ತಿರಲಿಲ್ಲ. "ಹುಡುಗಿ ಸಿಗ್ಲಿಲ್ಲ ಕಣ್ರೋ" ಎನ್ನುತ್ತ ನೆಲಕ್ಕೆ ಕುಸಿದರು. ನಾನು ಕಾಲ ಬಳಿ ಕೂತು ಎಲ್ಲವನ್ನೂ ಹೇಳಿದೆ. ಆಗಲೇ ಅವಳು ಟಿಫಿನ್ ಚೀಲ ಹಿಡಿದು, ಏನೂ ತಿಳಿಯದೆ, ಹಿಂದಿನ ಗೇಟಿನಿಂದ ಓಡೋಡಿ ಬಂದಳು.

ಅವಳನ್ನು ನೋಡಿ ಅವರು ಕಣ್ಣೊರೆಸಿಕೊಂಡರು. ಆಮೇಲೆ ಕೇಳಿದರು, "ನನಗೊಂದು ಮಾತು ಹೇಳ್ಬಾರ್ದಿತ್ತೇನಮ್ಮ?"

ವರದಿಯಲ್ಲಿ ಅವರು ಸುಳ್ಳು ಬರೆಯಲಿಲ್ಲ. ಆದರೆ ಮ್ಯಾನೇಜರ ಮುಂದೆ ನಿಂತು ನಮ್ಮ ಪರ ಮಾತಾಡಿದರು, ಇಬ್ಬರಿಗೂ ಮೂರು ದಿನದ ಸಸ್ಪೆನ್ಷನ್ನಿಗೇ ಮುಗಿಯಿತು. ಮುಂದಿನ ವಾರ ಅವಳನ್ನು ಪ್ಯಾಕಿಂಗಿಗೆ ಹಾಕಿಸಿದರು, ಅಲ್ಲಿ ಕೆಲಸ ಶುರುವಾಗುತ್ತಿದ್ದುದು ಒಂಬತ್ತಕ್ಕೆ. ಅದಕ್ಕೆ ಬೇಕಾಗಿದ್ದು ಒಂದು ಸಹಿ. ಅವರನ್ನು ಕೇಳಬಹುದು ಎಂದು ಎಂಟು ತಿಂಗಳಲ್ಲಿ ನಮಗೆ ಹೊಳೆದೇ ಇರಲಿಲ್ಲ.

ಅವರಿಗೆ ಮಾತ್ರ ಕೆಮ್ಮು ಅಂಟಿಕೊಂಡಿತು. ರಿಟೈರ್ ಆಗುವವರೆಗೂ ಬಿಡಲಿಲ್ಲ. ದಿನಾ ಬೆಳಿಗ್ಗೆ ಸಾಲಿನಲ್ಲಿ ನಿಂತು ಆ ಕೆಮ್ಮು ಕೇಳುತ್ತ, ನನ್ನದೊಂದೇ ಕಾರ್ಡು ಹೊಡೆದು, ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದೆ.