ಎರಡು ಲೋಟ ಕಾಫಿ ಹಿಡಿದು ಕೃಷ್ಣಗಿರಿಯಲ್ಲಿ ಮೂರು ವಾರ

ಎರಡನೇ ಮಹಾಯುದ್ಧ ಮುಗಿದ ಮರುವರ್ಷ, ಬೇಸಿಗೆ ರಜೆ ಶುರುವಾದ ಮೂರನೆಯ ದಿನ ನಾವು ಕೆಲಮಂಗಲದಿಂದ ಹೊರಟೆವು. ನಾವು ಅಂದರೆ ಹೊಸೂರಿನಲ್ಲಿ ಮೇಷ್ಟ್ರಾಗಿದ್ದ, ಐವತ್ತು ದಾಟಿದ ನಾನು ಮತ್ತು ನನ್ನ ಅಕ್ಕನ ಮಗಳು ಲಚ್ಚಿ. ಅವಳಿಗೆ ಆಗ ಹದಿನಾರು. ಸಂಕ್ರಾಂತಿಗೆ ಮುಂಚೆ ಹುಲ್ಲಿನ ಗಾಡಿ ಮೇಲಿಂದ ತಲೆ ಕೆಳಗಾಗಿ ಬಿದ್ದಿದ್ದಳು. ಮೂರು ದಿನ ಎಚ್ಚರವಿರಲಿಲ್ಲ. ಎಚ್ಚರವಾದ ಮೇಲೆ ಮಾತು ಸರಿಯಿತ್ತು, ಕೋಪವಂತೂ ಮೊದಲಿಗಿಂತ ಜೋರಾಗಿತ್ತು. ಆದರೆ ಒಂದು ವಸ್ತು ಎರಡಾಗಿ ಕಾಣುತ್ತಿತ್ತು, ಎದ್ದು ನಿಂತರೆ ನೆಲ ತೂಗುತ್ತಿತ್ತು. ನೀರಿನ ಲೋಟ ಕೊಟ್ಟರೆ ಪಕ್ಕದಲ್ಲಿ ಕಾಣುವ ಇಲ್ಲದ ಲೋಟಕ್ಕೆ ಕೈ ಹಾಕುತ್ತಿದ್ದಳು. ನಾಲ್ಕು ತಿಂಗಳಾದರೂ ಹಾಗೇ ಇತ್ತು.

ಅಷ್ಟರಲ್ಲಿ ಅಕ್ಕನ ಮನೆಯಲ್ಲಿ ಹೊಸ ಪದ್ಧತಿಯೊಂದು ಹುಟ್ಟಿಕೊಂಡಿತ್ತು. ಲಚ್ಚಿ ಎದ್ದಳೋ, ಯಾರು ಹತ್ತಿರವಿದ್ದರೂ ಹಾರಿಹೋಗಿ ಅವಳ ರಟ್ಟೆ ಹಿಡಿಯಬೇಕು. ಮೊಸರು ಮಾರುವವಳು ಕೂಡ ಕುಕ್ಕೆ ಇಳಿಸಿ ಬಂದು ಹಿಡಿಯುತ್ತಿದ್ದಳು. ಉಳಿದ ಹೊತ್ತೆಲ್ಲ ಕತ್ತಲೆ ಕೋಣೆ, ನೆತ್ತಿಗೆ ಹರಳೆಣ್ಣೆ. ಇನ್ನು ಇವಳಿಗೆ ಆ ಕೋಣೆಯೇ ಗತಿ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಆದರೆ ಎಲ್ಲರ ಮನಸ್ಸಿನಲ್ಲೂ ಅದೇ ಇತ್ತು, ಲಚ್ಚಿಯ ಮನಸ್ಸಿನಲ್ಲೂ.

ಹೊಸೂರಿನ ಡಾಕ್ಟರೊಬ್ಬರು ನನಗೆ ಕೃಷ್ಣಗಿರಿಯ ಒಬ್ಬ ನರ್ಸಮ್ಮನ ವಿಚಾರ ಹೇಳಿದರು. ಯುದ್ಧದ ಆಸ್ಪತ್ರೆಯಲ್ಲಿ ತಲೆಗೆ ಏಟು ಬಿದ್ದ ಸಿಪಾಯಿಗಳಿಗೆ ಮತ್ತೆ ನಡೆಯಲು, ನೆಟ್ಟಗೆ ನೋಡಲು ಕಲಿಸಿದ್ದರಂತೆ, ಈಗ ಕೆಲಸ ಬಿಟ್ಟು ಊರಲ್ಲೇ ಇದ್ದಾರಂತೆ. ಅಕ್ಕನನ್ನು ಒಪ್ಪಿಸಲು ನನಗೆ ಎರಡು ವಾರ ಹಿಡಿಯಿತು. ಹೊರಟ ದಿನ ಅಕ್ಕ ಗಾಡಿಯ ಹಿಂದೆಯೇ ಕೆರೆ ಏರಿಯವರೆಗೂ ನಡೆದು ಬಂದಳು.

"ಕೈ ಬುಡಬ್ಯಾಡ ಕಣ್ಲಾ. ಒಂದ್ ಗಳಿಗೇನೂ ಬುಡಬ್ಯಾಡ," ಎಂದಳು.

"ಬುಡಾಕಿಲ್ಲ ಕಣಕ್ಕಯ್ಯ," ಎಂದು ಮಾತು ಕೊಟ್ಟೆ.

"ಇವ್ರೆಲ್ಲ ಹಿಡ್ದು ಹಿಡ್ದೇ ನನ್ ರಟ್ಟೆ ಕಂದುಗಟ್ಟೈತೆ," ಎಂದು ಲಚ್ಚಿ ಗಾಡಿಯೊಳಗಿಂದ ಗೊಣಗಿದಳು.

ಆ ರಾತ್ರಿ ಹೊಸೂರಿನ ನಮ್ಮ ಮನೆಯಲ್ಲಿ ತಂಗಿ, ಬೆಳಿಗ್ಗೆ ಏಳಕ್ಕೆ ಕೃಷ್ಣಗಿರಿ ಬಸ್ಸು ಹತ್ತಿದೆವು. ಸುಮಾರು ಮೂವತ್ತು ಮೈಲಿ, ತಲೆಗೆ ಹನ್ನೆರಡಾಣೆ. ಪೆಟ್ರೋಲಿಗೆ ಇನ್ನೂ ಬರವಿದ್ದ ಕಾಲ, ನಮ್ಮದು ಇದ್ದಿಲು ಬಸ್ಸು. ಬೆನ್ನಿಗೊಂದು ದೊಡ್ಡ ಒಲೆ ಕಟ್ಟಿಕೊಂಡು, ಕೆಮ್ಮುತ್ತಾ ಹೋಗುತ್ತಿತ್ತು. ಏರು ಬಂದಾಗ ಗಂಡಸರೆಲ್ಲ ಇಳಿದು ತಳ್ಳಬೇಕು. ದುಡ್ಡೂ ಕೊಟ್ಟು ಬಸ್ಸನ್ನೂ ತಳ್ಳುವ ಭಾಗ್ಯ ನನ್ನದಾಯಿತು. ಲಚ್ಚಿ ಎರಡು ಸಲ ವಾಂತಿ ಮಾಡಿಕೊಂಡಳು. ಪಕ್ಕದಲ್ಲಿದ್ದ ತೆಲುಗು ಅಜ್ಜಿ "ಅಯ್ಯೋ ಪಾಪಂ" ಎನ್ನುತ್ತಾ ಮಡಿಲಿಂದ ನಿಂಬೆಹಣ್ಣು ತೆಗೆದುಕೊಟ್ಟಳು.

ಶೂಲಗಿರಿಯಲ್ಲಿ ಇಂಜಿನ್ನಿಗೆ ನೀರು ಹಾಕಲು ನಿಲ್ಲಿಸಿದರು. ನಾನು ಉದ್ದಿನ ವಡೆ ತಿಂದೆ. ಲಚ್ಚಿ ಮಜ್ಜಿಗೆ ಮಾತ್ರ ಕುಡಿದು ಬೆಟ್ಟದ ಕಡೆ ನೋಡಿದಳು.

"ಮಾಮ, ಅಲ್ಲಿ ಬೆಟ್ಟ ಎಷ್ಟೈತೆ?"

"ಒಂದೇ ಕಣಮ್ಮಿ."

"ನಂಗೆ ಎರಡೈತೆ. ನಾನೇ ಸಾವ್ಕಾರ್ತಿ," ಎಂದು ನಕ್ಕಳು. ನನಗೆ ನಗಲಾಗಲಿಲ್ಲ.

ಕೃಷ್ಣಗಿರಿ ತಲುಪಿದಾಗ ಮಧ್ಯಾಹ್ನ ಹನ್ನೆರಡಾಗಿತ್ತು. ಕೆಂಡದಂಥ ಬಿಸಿಲು, ಬೀದಿ ತುಂಬಾ ಮಾವಿನ ಗಾಡಿಗಳು, ಊರಿಗೆ ಊರೇ ಘಮ್ಮೆನ್ನುತ್ತಿತ್ತು. ಹಳೇಪೇಟೆಯಲ್ಲಿ ಒಂದು ಕೋಣೆ ಹಿಡಿದು, ಸಂಜೆ ನರ್ಸಮ್ಮನ ಮನೆಗೆ ಹೋದೆವು. ಕುಳ್ಳಗಿನ, ಬಿಳಿ ಸೀರೆಯ, ಸಿಪಾಯಿಯಂತೆ ನೆಟ್ಟಗೆ ನಿಲ್ಲುವ ಹೆಂಗಸು. ತಾಯಿ ಹೊಸೂರಿನ ಕಡೆಯವರಾದ್ದರಿಂದ ಕನ್ನಡ ಬರುತ್ತಿತ್ತು. ಲಚ್ಚಿಯ ಕಣ್ಣು ನೋಡಿದರು, ಕಣ್ಣು ಮುಚ್ಚಿಸಿ ನಿಲ್ಲಿಸಿದರು, ಬೆರಳು ಆಡಿಸಿದರು.

"ಎರಡು ಕಣ್ಣೂ ಚೆನ್ನಾಗಿವೆ. ಜೋಡಿಯಾಗಿ ನೋಡೋದನ್ನ ಮರೆತಿವೆ, ಅಷ್ಟೇ. ಜಗಳವಾಡಿದ ಜೋಡೆತ್ತಿನ ಹಾಗೆ," ಎಂದರು.

"ಪೂರ್ತಿ ವಾಸಿಯಾಗುತ್ತಾ ಅಮ್ಮಾ?" ಎಂದೆ.

"ಕೆಲವು ಸಿಪಾಯಿಗಳಿಗೆ ಆಯಿತು, ಕೆಲವರಿಗೆ ಅರ್ಧ ಆಯಿತು. ಸುಳ್ಳು ಹೇಳಲ್ಲ. ಏಳಮ್ಮಾ, ನಡಿ ನೋಡೋಣ."

ಲಚ್ಚಿ ಎದ್ದಳು. ನನ್ನ ಕೈ ತಾನಾಗಿ ಹೋಗಿ ಅವಳ ರಟ್ಟೆ ಹಿಡಿಯಿತು.

"ವಿಡುಂಗ ಸಾರ್! ಬಿಡ್ರೀ!" ಎಂದು ಗದರಿದರು. ಬಿಟ್ಟೆ. ಅವಳು ಒಂದು ಹೆಜ್ಜೆ ಇಟ್ಟು ವಾಲಿದಳು, ಮತ್ತೆ ಹಿಡಿದೆ. ನರ್ಸಮ್ಮ ಒಳಗೆ ಹೋಗಿ, ಬಾಯಿಮಟ್ಟ ತುಂಬಿದ ಎರಡು ಲೋಟ ಬಿಸಿ ಕಾಫಿ ತಂದು ನನ್ನ ಎರಡು ಕೈಗೂ ಕೊಟ್ಟರು. "ಕುಡಿಯೋಕಲ್ಲ, ಹಿಡ್ಕೊಳ್ಳೋಕೆ. ಒಂದು ತೊಟ್ಟೂ ಚೆಲ್ಲಬಾರದು."

ಬೀಳುತ್ತಾಳೇನೋ ಎಂಬ ದಿಗಿಲು, ಬೆರಳು ಚುರುಚುರು, ಕೈ ಕದಲಿಸುವಂತಿಲ್ಲ. ನನ್ನ ಅವಸ್ಥೆ ನೋಡಿ ಲಚ್ಚಿ ಹೊಟ್ಟೆ ಹಿಡಿದು ನಕ್ಕಳು. ನಗುತ್ತಲೇ ನಾಲ್ಕು ಹೆಜ್ಜೆ ನಡೆದು ಗೋಡೆ ಮುಟ್ಟಿದಳು. ನಾಲ್ಕು ತಿಂಗಳಲ್ಲಿ ಅವಳು ಒಬ್ಬಳೇ ಇಟ್ಟ ಮೊದಲ ಹೆಜ್ಜೆಗಳು.

"ಅವಳ ಕಾಲು ಕಲಿಯೋಕೆ ನೀವೆಲ್ಲಿ ಬಿಟ್ಟಿದ್ದೀರಿ?" ಎಂದರು ನರ್ಸಮ್ಮ. ನನಗೆ ನಾಚಿಕೆಯಾಯಿತು. ಪ್ರೀತಿಯಿಂದಲೇ ಮಾಡಿದ್ದೆವು, ಆದರೆ ಅವರು ಹೇಳಿದ್ದೂ ನಿಜ.

ಮೂರು ವಾರ ಅಲ್ಲೇ ಇದ್ದೆವು. ಬೆಳಿಗ್ಗೆ ಕಣ್ಣಿನ ಪಾಠ. ಕಿಟಕಿ ಸರಳಿಗೆ ದಾರ ಕಟ್ಟಿ, ಅದರಲ್ಲಿ ಮೂರು ಬಣ್ಣದ ಮಣಿ ಪೋಣಿಸಿ, ಇನ್ನೊಂದು ತುದಿಯನ್ನು ಲಚ್ಚಿಯ ಮೂಗಿಗೆ ಹಿಡಿಸುತ್ತಿದ್ದರು. ದೂರದ ಮಣಿ, ನಡುವಿನದು, ಹತ್ತಿರದ್ದು ಎಂದು ಒಂದೊಂದನ್ನೇ ದಿಟ್ಟಿಸಿ, ಅದು ಒಂದಾಗುವವರೆಗೂ ಕಾಯಬೇಕು. ಸಂಜೆ ನಡಿಗೆ. ಅಂಗಳದಲ್ಲಿ ರಂಗೋಲಿ ಪುಡಿಯ ಉದ್ದ ಗೆರೆ ಎಳೆದು, ಅದರ ಮೇಲೆ ಹಿಮ್ಮಡಿಗೆ ಕಾಲ್ಬೆರಳು ತಾಗಿಸುತ್ತಾ ನಡೆಸುವರು. ಆಮೇಲೆ ತಲೆಯನ್ನು ಎಡಕ್ಕೂ ಬಲಕ್ಕೂ ತಿರುಗಿಸುತ್ತಾ ಅದೇ ನಡಿಗೆ. ತಲೆನೋವು ಬಂದರೆ "ಪೋದುಂ, ಸಾಕು" ಎಂದು ಅಲ್ಲಿಗೇ ನಿಲ್ಲಿಸುವರು. ನನ್ನ ಕೆಲಸ ಮಾತ್ರ ಬದಲಾಗಲಿಲ್ಲ. ಅಂಗಳದ ಮೂಲೆ, ಎರಡು ಲೋಟ. ಪಾಠ ಮುಗಿದ ಮೇಲೆ ಆರಿದ ಕಾಫಿ ಎರಡೂ ನನಗೇ.

ಎಲ್ಲ ದಿನವೂ ಒಂದೇ ಥರ ಇರಲಿಲ್ಲ. ಎರಡನೇ ವಾರ ಒಂದು ಸಂಜೆ ಗೆರೆ ಮೇಲೆ ಬಿದ್ದು ಮಂಡಿ ತರಚಿಕೊಂಡಳು. "ಊರ್ಗೆ ಓಗಾನ ನಡಿ ಮಾಮ, ನನ್ ಕೈಲಾಗಾಕಿಲ್ಲ," ಎಂದು ಅತ್ತಳು. ನನಗೂ ಕಣ್ಣು ತುಂಬಿತು. ಮಾರನೇ ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಅವಳು ಗೋಡೆಯ ಮೊಳೆಗೆ ದಾರ ಕಟ್ಟಿಕೊಂಡು ಕುಳಿತಿದ್ದಳು. "ನಡೂ ಮಣಿ ಒಂದಾಯ್ತು ಮಾಮ! ಆಣೆಗೂ ಒಂದೇ!" ಎಂದು ಕೂಗಿದಳು. ಆ ಖುಷಿಗೆ ಇಬ್ಬರೂ ಒಂದು ಡಜನ್ ಮಾವಿನಹಣ್ಣು ತಿಂದು ಮುಗಿಸಿದೆವು, ಊಟ ಬೇಡವಾಯಿತು.

ಕಡೆಯ ಪರೀಕ್ಷೆ ಸಂತೆಯಲ್ಲಿ. ಜನ, ದನ, ಧೂಳು, ಕೂಗಾಟದ ನಡುವೆ ಲಚ್ಚಿ ಒಬ್ಬಳೇ ಆ ತುದಿಗೆ ಹೋಗಿ ಉಪ್ಪು ತರಬೇಕು. ಹೋದಳು, ತಂದಳು. ಓರೆಗಣ್ಣಲ್ಲಿ ನೋಡಿದರೆ ಇನ್ನೂ ಎರಡೆರಡು, ಬಗ್ಗಿ ಎದ್ದರೆ ಇನ್ನೂ ತಲೆಸುತ್ತು. "ಬಗ್ಗೋದೇ ಕಡೆಗೆ ಬರೋದು. ಮನೇಲಿ ದಿನಾ ಮಾಡು," ಎಂದರು ನರ್ಸಮ್ಮ. ದುಡ್ಡು ಬೇಡವೆಂದರು. ಲಚ್ಚಿ ಕಾಲಿಗೆ ಬಿದ್ದಾಗ ಮಾತ್ರ, "ನಿಧಾನ, ನಿಧಾನ, ತಲೆ ಸುತ್ತುತ್ತೆ," ಎನ್ನುತ್ತಾ ಕಣ್ಣೊರೆಸಿಕೊಂಡರು.

ಒಂದು ಬುಟ್ಟಿ ಮಾವಿನಹಣ್ಣಿನೊಂದಿಗೆ ಬಂದ ದಾರಿಯಲ್ಲೇ ಹಿಂದಿರುಗಿದೆವು. ಬಸ್ಸಿನಲ್ಲಿ ಈ ಸಲ ವಾಂತಿಯಿಲ್ಲ. ಶೂಲಗಿರಿಯಲ್ಲಿ ಲಚ್ಚಿ ಬೆಟ್ಟ ನೋಡಿ, "ನನ್ ಆಸ್ತಿ ಅರ್ಧ ಓಯ್ತು ಮಾಮ," ಎಂದಳು. ಈ ಸಲ ನಾನೂ ನಕ್ಕೆ.

ಕೆಲಮಂಗಲದ ಕೆರೆ ಹತ್ತಿರ ಬಂದಾಗ ಲಚ್ಚಿ ಗಾಡಿ ನಿಲ್ಲಿಸಿ ಇಳಿದುಬಿಟ್ಟಳು. ಏರಿಯ ಆ ತುದಿಯಲ್ಲಿ ಅಕ್ಕ ನಿಂತಿದ್ದಳು. ಮಗಳು ಒಬ್ಬಳೇ ನಡೆದು ಬರುವುದನ್ನು ಕಂಡವಳೇ ಸೆರಗು ಸಿಕ್ಕಿಸಿ ಎರಡು ಕೈ ಚಾಚಿಕೊಂಡು ಓಡಿಬಂದಳು. ನಾನು ಅಡ್ಡ ಹೋಗಿ, ಬುಟ್ಟಿಯಿಂದ ಬಾಚಿ ಬಾಚಿ ಅವಳ ತೋಳ ತುಂಬಾ ಮಾವಿನಹಣ್ಣು ತುಂಬಿದೆ.

"ಹಿಡ್ಕ ಅಕ್ಕಯ್ಯ, ಒಂದೂ ಬೀಳಬಾರ್ದು."

"ಇದೇನ್ಲಾ ನಿನ್ ಗ್ರಾಚಾರ!" ಎಂದು ಅಕ್ಕ ಕಿರುಚಿದಳು. ಕೈ ತುಂಬಿದ್ದರಿಂದ ನಿಂತಲ್ಲೇ ನಿಂತಳು. ಲಚ್ಚಿ ಏರಿಯ ಮೇಲೆ ನೆಟ್ಟಗೆ ನಡೆದು ತಾಯಿಯ ಎದುರಿಗೆ ಬಂದಳು. ಅಕ್ಕನ ತುಂಬಿದ ತೋಳಿನಿಂದ ಒಂದು ಹಣ್ಣು ಜಾರಿತು, ಉರುಳುತ್ತಾ ಇಳಿಜಾರಿಗೆ ಹೊರಟಿತು. ಲಚ್ಚಿ ಅದನ್ನೇ ನೋಡುತ್ತಾ ಅದರ ಹಿಂದೆ ಎರಡು ಹೆಜ್ಜೆ ಹೋದಳು, ಬಗ್ಗಿದಳು. ಕೈ ಹಾಕಿದ ಮೊದಲ ಸಲಕ್ಕೇ ಹಣ್ಣು ಕೈಗೆ ಸಿಕ್ಕಿತು. ಬಗ್ಗಿದಂತೆಯೇ ಒಂದು ಗಳಿಗೆ ಇದ್ದು, ನಿಧಾನವಾಗಿ ಎದ್ದು, ತಾಯಿಯ ತೋಳ ಮೇಲೆ ಹಣ್ಣನ್ನು ಇಟ್ಟಳು.

ಅಕ್ಕ ಅಳುತ್ತಾ ನಗುತ್ತಾ ನನ್ನ ಕಡೆ ತಿರುಗಿದಳು. "ಕೈ ಬುಡಬ್ಯಾಡ ಅಂದಿದ್ನಲ್ಲಾ ನಿಂಗೆ!"

"ಬುಟ್ಬುಟ್ಟೆ ಕಣಕ್ಕಯ್ಯ," ಎಂದೆ. ಲಚ್ಚಿ ಆಗಲೇ ನಮ್ಮಿಬ್ಬರನ್ನೂ ಹಿಂದೆ ಬಿಟ್ಟು ಮನೆಯ ದಾರಿ ಹಿಡಿದಿದ್ದಳು.