ತಾರು ತಾರದ ಸೈಕಲ್

ನಮ್ಮನ್ನು ಕಂಡ ಕೂಡಲೇ ಆ ಹೆಂಗಸು ಸೊಂಟದ ಕೊಡ ಕೆಳಗೆ ಬಿಟ್ಟು ಊರೊಳಗೆ ಓಡಿದಳು.

ನಾವೇನು ಡಕಾಯಿತರೇ? ಬೆಳಿಗ್ಗೆಯಿಂದ ಸೈಕಲ್ ತುಳಿದು ಗಂಟಲು ಒಣಗಿಸಿಕೊಂಡು, ಬಾವಿಯ ಹತ್ತಿರ ಒಂದು ತಂಬಿಗೆ ನೀರು ಕೇಳಲು ನಿಂತ ಇಬ್ಬರು ಬಡಪಾಯಿಗಳು.

ಮೊದಲಿನಿಂದ ಹೇಳುತ್ತೇನೆ. ನನ್ನ ಗೆಳೆಯ ಗುರುಪಾದ ಆಳಂದದ ಸಾಲೆಯಲ್ಲಿ ಡ್ರಿಲ್ ಮಾಸ್ತರ. ಖಾಕಿ ಚಡ್ಡಿ, ಖಾಕಿ ಟೋಪಿ ಬಿಟ್ಟು ಬೇರೆ ಬಟ್ಟೆ ಅವನಿಗೆ ಒಗ್ಗುವುದಿಲ್ಲ. ನಾನು ವಕೀಲ. (ಕೇಸು ಕಡಿಮೆ, ಆದ್ದರಿಂದಲೇ ಈ ಅಂಕಣ.) ನಮ್ಮ ಸರ್ಕಾರದಲ್ಲಿ ಶುಕ್ರವಾರ ಸಾಲೆಗೂ ಕಚೇರಿಗೂ ವಾರದ ರಜೆ. "ನಡಿಯೋ ವಕೀಲಾ, ಹಿರೋಳ್ಳಿ ಕಡಿ ಗುಡ್ಡಾ ಸುತ್ತಿ ಬರೋಣು. ಹೊಟ್ಟಿ ಕರಗ್ತದ" ಎಂದ. ತನ್ನ ಇನ್ನೊಂದು ಖಾಕಿ ಟೋಪಿಯನ್ನು ನನ್ನ ತಲೆಗೆ ಇಟ್ಟ. ತನ್ನ ಹೆಗಲಿಗೆ ರೊಟ್ಟಿಯ ಚೀಲ ಹಾಕಿಕೊಂಡ. ಹೊರಟೆವು.

ಗುಡ್ಡ ಎಂದರೆ ನಗಬೇಡಿ. ನಮ್ಮ ಸೀಮೆಯ ಗುಡ್ಡಗಳು ಮೋಡ ಮುಟ್ಟುವುದಿಲ್ಲ, ನಿಜ. ಒಮ್ಮೆ ಸೈಕಲ್ ಮೇಲೆ ಹತ್ತಿ ನೋಡಿ! ಕಾಲ ಕೆಳಗೆ ಬರೀ ಗರಸು ಕಲ್ಲು. ಒಂದು ಏರು ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು. ತುದಿಯಲ್ಲಿ ನಿಂತಾಗ ಮಾತ್ರ ಕೆಳಗಿನ ಜೋಳದ ಹೊಲಗಳು ಕಣ್ಣು ತುಂಬಿದವು. ಹಕ್ಕಿ ಓಡಿಸುವವರ ಕೂಗು ಗಾಳಿಯಲ್ಲಿ ತೇಲಿ ಬರುತ್ತಿತ್ತು. ಯುದ್ಧ ನಡೆಯುತ್ತಿದೆ ಎಂಬುದೇ ಮರೆತುಹೋಯಿತು.

ಮರೆಯಬಾರದಿತ್ತು.

ಗುಡ್ಡದ ಆಚೆ ಬದಿಯ ಆ ಸಣ್ಣ ಊರಿನ ಹೆಸರು ಬರೆಯುವುದಿಲ್ಲ. ಹೆಂಗಸು ಓಡಿದ ಹಿಂದೆಯೇ ಊರೊಳಗೆ ಅಳು ಎದ್ದಿತು. ಯಾರಿಗೋ ಏನೋ ಆಗಿದೆ ಎಂದು ನಾವೂ ಸೈಕಲ್ ತಳ್ಳಿಕೊಂಡು ಅತ್ತ ಹೋದೆವು. ಒಂದು ಮನೆಯ ಮುಂದೆ ಜನ ಸೇರಿದ್ದರು. ನಮ್ಮನ್ನು ನೋಡಿ ದಾರಿ ಬಿಟ್ಟರು. ಅವರು ದಾರಿ ಬಿಟ್ಟ ರೀತಿ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಮನೆಯ ಯಜಮಾನ ಮಲ್ಲಪ್ಪ ಎದುರು ಬಂದು ಕೈ ಮುಗಿದರು.

"ಹೇಳಿಬಿಡ್ರಿ ಸಾಹೇಬ್ರ. ಮುಚ್ಚಿ ಇಡಬ್ಯಾಡ್ರಿ. ಎಲ್ಲಿ ಆಯ್ತು?"

"ಏನ್ ಎಲ್ಲಿ ಆಯ್ತ್ರಿ?" ಎಂದ ಗುರುಪಾದ.

"ನನ್ನ ಮಗಂದು. ಶರಣಪ್ಪಂದು. ತಾರು ತಂದೀರಲ್ರಿ."

ಆಗ ತಿಳಿಯಿತು. ಅವರ ಮಗ ಸೊಲ್ಲಾಪುರಕ್ಕೆ ಹೋಗಿ ಫೌಜು ಸೇರಿದ್ದಾನೆ. ಬರ್ಮಾ ಕಡೆ ಹೋಗಿದ್ದಾನೆಂದು ಕೇಳಿದ್ದಾರೆ, ಅಷ್ಟೇ. ಹಿಂದಿನ ತಿಂಗಳು ಪಕ್ಕದ ಊರಿಗೆ ಖಾಕಿ ಟೋಪಿಯವನೊಬ್ಬ ಸೈಕಲ್ ಮೇಲೆ ಬಂದಿದ್ದನಂತೆ, ಹೆಗಲಲ್ಲಿ ಚೀಲ. ಒಂದು ತಾರು, ಅಂದರೆ ತಂತಿ ಸುದ್ದಿ, ಓದಿ ಹೇಳಿ ಹೋದನಂತೆ. ಆ ಮನೆಯ ಮಗ ಇನ್ನಿಲ್ಲ.

"ಅಯ್ಯೋ, ನಾವು ತಾರಿನವರಲ್ರಿ! ಸುಮ್ಮ ಗುಡ್ಡಾ ನೋಡಾಕ ಬಂದೀವಿ," ಎಂದ ಗುರುಪಾದ.

"ಸುಮ್ಮ ಗುಡ್ಡಾ ನೋಡಾಕ?" ಮಲ್ಲಪ್ಪ ನಮ್ಮ ಮುಖವನ್ನೇ ನೋಡಿದರು. "ಕೆಲಸಿಲ್ದ ಯಾರರೆ ಈ ಗುಡ್ಡಾ ಹತ್ತತಾರೇನ್ರಿ?"

ಹೊಟ್ಟೆ ಕರಗಿಸಲು ಬಂದೆವು ಎನ್ನುವುದೇ?

ಅಷ್ಟರಲ್ಲಿ ಒಳಗಿನಿಂದ ಸದ್ದು ಬಂತು. ಮಲ್ಲಪ್ಪನವರ ಸೊಸೆ, ಶರಣಪ್ಪನ ಹೆಂಡತಿ ನೀಲವ್ವ ಬಾಗಿಲ ಚೌಕಟ್ಟಿಗೆ ಎರಡೂ ಕೈ ಬಡಿದುಕೊಳ್ಳುತ್ತಿದ್ದಳು. ಹಸಿರು ಬಳೆ ಚೂರುಚೂರಾಗಿ ಹೊಸ್ತಿಲ ಮೇಲೆ ಬಿದ್ದವು.

ಗುರುಪಾದ ಚೀಲವನ್ನು ಅಲ್ಲೇ ಬೋರಲು ಹಾಕಿದ. ರೊಟ್ಟಿ, ಶೇಂಗಾ ಹಿಂಡಿ, ಪಂಕ್ಚರ್ ಹಾಕುವ ರಬ್ಬರ್ ತುಂಡು. ಕಾಗದ ಒಂದೂ ಇಲ್ಲ. ಆಮೇಲೆ ಜನ ನಂಬಿದರು. ನಂಬಿದ ಮೇಲೆ ಬೈಯಬೇಕಿತ್ತು. ಯಾರೂ ಬೈಯಲಿಲ್ಲ. ಅತ್ತೆ ಸೊಸೆಯ ಕೈ ಹಿಡಿದು, "ಎಂಥಾ ಕೆಲಸ ಮಾಡ್ಕೊಂಡೀ ನನ್ನವ್ವ, ಗಂಡ ಇದ್ದಾಕಿ" ಎಂದು ಮತ್ತೆ ಅತ್ತರು. ಪಕ್ಕದ ಮನೆಯವಳು ತನ್ನ ಮಗಳಿಗೆಂದು ಇಟ್ಟಿದ್ದ ಬಳೆ ತಂದಳು.

ನೀಲವ್ವ ಕೈಗಳನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಳು. ಸೆರಗಿಗೆ ರಕ್ತ ಹತ್ತುತ್ತಿತ್ತು.

"ತಾರು ತಂದಿಲ್ಲ ಅಂದ್ರ ಅವರು ಅದಾರಂತ ಆಗ್ತದೇನ್ರಿ?" ಎಂದು ನಮ್ಮನ್ನೇ ಕೇಳಿದಳು. "ದೀಪಾವಳಿಗಿಂತ ಮೊದಲಿಂದ ಒಂದ ಸುದ್ದಿ ಇಲ್ಲ. ಅವರ್ನ ಯಾರರೆ ನೋಡೀರೇನ್ರಿ? ನೋಡೀರಿ ಅಂದ್ರ ಹಾಕ್ಕೋತೀನಿ."

ಸಾಕ್ಷಿಗಳನ್ನು ಪ್ರಶ್ನಿಸಿ ಹೊಟ್ಟೆ ಹೊರೆಯುವವನು ನಾನು. ಇದಕ್ಕಿಂತ ನೇರವಾದ ಪ್ರಶ್ನೆ ಯಾವ ಕೋರ್ಟಿನಲ್ಲೂ ಕೇಳಿಲ್ಲ. ನಾನು ತಲೆ ತಗ್ಗಿಸಿದೆ.

"ನಾ ನೋಡೀನವ್ವ," ಎಂದ ಗುರುಪಾದ.

ನಾನು ಬೆಚ್ಚಿ ಅವನತ್ತ ತಿರುಗಿದೆ.

"ಸೊಲ್ಲಾಪುರ ಸ್ಟೇಷನ್‌ದಾಗ. ದೀಪಾವಳಿ ಆದ ಮ್ಯಾಲ. ಫೌಜಿನವರ ಗಾಡಿ ನಿಂತಿತ್ತು. ಆಳಂದ ಕಡಿಯಾಂವ, ಶರಣಪ್ಪ ಅಂತ ಹೇಳಿದ. ಚಂದಾಗಿ ಅದಾನ."

ನೀಲವ್ವ ಅವನ ಮುಖ ನೋಡಿ, "ಸೊಲ್ಲಾಪುರ ತನಕ ಬಂದು ಊರಿಗೆ ಬರ್ಲಿಲ್ಲೇನ್ರಿ?" ಎಂದಳು.

"ರಜಾ ಇರಲಿಲ್ಲವ್ವ. ಗಾಡಿ ಮುಂದ ಹೊಂಟೇಬಿಡ್ತು."

ಅವಳು ಕೈ ನೀಡಿದಳು. ಪಕ್ಕದ ಮನೆಯವಳು ಎಣ್ಣೆ ಸವರಿ, ಗಾಯಕ್ಕೆ ತಾಗದಂತೆ ಒಂದೊಂದೇ ಬಳೆ ಏರಿಸಿದಳು. ನಮ್ಮ ಊರು, ಕೆಲಸ ವಿಚಾರಿಸಿ ಮಜ್ಜಿಗೆ ಕೊಟ್ಟರು. ಕುಡಿದೆವು. ಹೇಗೆ ಕುಡಿದೆವೋ!

ಮರಳಿ ಬರುವಾಗ ಗುಡ್ಡದ ತುದಿ ದಾಟಿದ ಮೇಲೆ ಇಳಿಜಾರು. ಪೆಡಲ್ ತುಳಿಯುವುದೇ ಬೇಕಿರಲಿಲ್ಲ. ಇಬ್ಬರೂ ಸೈಕಲ್ ಹಿಡಿದುಕೊಂಡು ನಡೆದೇ ಇಳಿದೆವು.

"ಅವನು ಸತ್ತಿದ್ದರೆ?" ಎಂದು ಕೇಳಿದೆ.

"ಆಕಿ ಕೈ ನೋಡಿದ್ಯಾ ಇಲ್ಲೋ?" ಎಂದ.

ಪಟ್ಟಣದಲ್ಲಿ ಕೂತ ನಮಗೆ ಯುದ್ಧ ಎಂದರೆ ಏನು? ಸೀಮೆಎಣ್ಣೆ ಸಿಗುವುದಿಲ್ಲ, ಸಕ್ಕರೆ ಸಿಗುವುದಿಲ್ಲ, ಸೈಕಲ್ಲಿಗೆ ಟಯರ್ ಸಿಗುವುದಿಲ್ಲ. ಇಷ್ಟೇ ನಮ್ಮ ಗೋಳು. (ನಾನೇ ಈ ಅಂಕಣದಲ್ಲಿ ಟಯರಿನ ಬಗ್ಗೆ ಎಷ್ಟು ಸಲ ಅತ್ತಿದ್ದೇನೆ!) ಗುಡ್ಡದ ಆಚೆ, ರಸ್ತೆಯಲ್ಲಿ ಒಂದು ಗಾಲಿ ಕಂಡರೆ ಎದೆ ಒಡೆಯುವವರಿದ್ದಾರೆ ಎಂದು ನನಗೆ ತಿಳಿದೇ ಇರಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ಬರೆಯುತ್ತಿರಲಿಲ್ಲ.

ಮೊನ್ನೆ ಸಾಲೆಯ ಮುಂದೆ ಒಂದು ಎತ್ತಿನ ಬಂಡಿ ಬಂದು ನಿಂತಿತು. ಗುರುಪಾದ ನನಗೆ ಹೇಳಿ ಕಳಿಸಿದ. ಹೋಗಿ ನೋಡಿದರೆ ನೊಗದ ಹತ್ತಿರ ಮಲ್ಲಪ್ಪ. ಬಂಡಿಯೊಳಗೆ ಅತ್ತೆ, ಸೊಸೆ, ಬುತ್ತಿಯ ಗಂಟು. ನೀಲವ್ವ ಮಡಿಸಿದ ಹೊಸ ಕಂಬಳಿಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಎಲ್ಲೋ ಚಳಿಯಲ್ಲಿ ಇರುವ ಗಂಡನಿಗಂತೆ.

"ಸೊಲ್ಲಾಪುರಕ್ಕ ಹೊಂಟೀವ್ರಿ ಮಾಸ್ತರ," ಎಂದರು ಮಲ್ಲಪ್ಪ. "ಆ ಗಾಡಿ ಮತ್ತ ಬಂದೇ ಬರ್ತದ ಅಂತಾಳ ಸೊಸಿ. ಊಟ ಬಿಟ್ಟು ಕುಂತಾಳ. ನೋಡಿದವರು ನೀವು. ನೀವ ಬಂದು ತೋರಿಸ್ಬೇಕು."

ಗುರುಪಾದ ಬಾಯಿ ತೆರೆದ. "ಅವ್ವಾ, ನಾ ಅವತ್ತ..." ಎಂದ. ನೀಲವ್ವ ಬಂಡಿಯಿಂದ ಮುಂದಕ್ಕೆ ಬಾಗಿದಳು. ಅವಳ ಮುಖ ನೋಡಿ ಅವನು ಮಾತು ನುಂಗಿದ. ನನ್ನತ್ತ ನೋಡಿದ. ನಾನೂ ಏನೂ ಹೇಳಲಿಲ್ಲ. ನಾಲಿಗೆ ನನಗೂ ಇತ್ತು!

ಗುರುಪಾದ ಒಳಗೆ ಹೋಗಿ ಹೆಡ್‌ಮಾಸ್ತರರಿಗೆ ರಜೆ ಹೇಳಿ ಬಂದ. ಬಂಡಿ ಹತ್ತಿ ಅವರೆದುರು ಕುಳಿತ.

ನಾನು ಇದನ್ನು ಬರೆಯುವ ಹೊತ್ತಿಗೆ ಅವರು ಸ್ಟೇಷನ್ ಮುಟ್ಟಿರಬೇಕು. ಗುರುಪಾದ ಈಗ ಯಾವ ಗಾಡಿಯತ್ತ ಕೈ ತೋರಿಸುತ್ತಾನೆ?