ಅಪ್ಪನ ಜನರಲ್ಲು, ನನ್ನ ಮಾವ

ಕೇಸರಿಬಾತಿಗೆ ರವೆ ಹುರಿಯುವ ವಾಸನೆ ಬಂದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ. ಮೊನ್ನೆ ಮಗಳನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆಂದು ನಾನೇ ಹುರಿಯಬೇಕಾಯಿತು. ಮನಸ್ಸು ಮಾತ್ರ ಲಕ್ಷ್ಮೀಪುರಂನ ತವರುಮನೆಯ ಹಜಾರಕ್ಕೆ ಓಡಿತು, ನನ್ನನ್ನೇ ನೋಡಲು ಬಂದ ದಿನಕ್ಕೆ.

ನಮ್ಮಪ್ಪ ಇತಿಹಾಸದ ಮೇಷ್ಟ್ರು. ಅಮೆರಿಕದ ಹಳೆಯ ಅಧ್ಯಕ್ಷನೊಬ್ಬನನ್ನು ಪಕ್ಕದ ಬೀದಿಯವನೇನೋ ಎಂಬಂತೆ "ನಮ್ಮ ಜನರಲ್ಲು" ಎನ್ನುತ್ತಿದ್ದರು. ಚರ್ಮ ಹದಮಾಡುವವನ ಮಗ, ಆ ಕೆಲಸ ಕಂಡರಾಗದು, ಕುದುರೆಯೆಂದರೆ ಪ್ರಾಣ, ಅಪ್ಪನ ಬಲವಂತಕ್ಕೆ ಮಿಲಿಟರಿ ಶಾಲೆ ಸೇರಿದವನು. ನಾಮಕರಣವಿರಲಿ, ತಿಥಿಯಿರಲಿ, ಈ ಕಥೆ ತಪ್ಪಿದ್ದಲ್ಲ. ನೀವು ಬಂದಿದ್ದರೆ ನಿಮ್ಮನ್ನೂ ಬಿಡುತ್ತಿರಲಿಲ್ಲ.

ಅವತ್ತು ಮಹಡಿಯ ಮೇಲೆ ಹುಡುಗ ನನಗೊಬ್ಬಳಿಗೇ ಹೇಳಿದ್ದರು: "ಕುಡಿತದಿಂದಾನೇ ನಮ್ಮಪ್ಪ ಮಿಲಿಟರಿ ಬಿಡಬೇಕಾಯ್ತು. ಈಗ ಮುಟ್ಟಲ್ಲ. ಸದ್ಯಕ್ಕೆ ನಿಮ್ಮಲ್ಲೇ ಇರಲಿ." ಆ ನೇರ ಮಾತಿಗೇ ನಾನು ಮನಸ್ಸಿನಲ್ಲಿ ಅವರನ್ನು ಒಪ್ಪಿಬಿಟ್ಟಿದ್ದೆ. ಕೆಳಗಿಳಿದರೆ ಅಪ್ಪ ತಮ್ಮ ಜನರಲ್ಲನ ಕಥೆ ಶುರುಮಾಡಿಕೊಂಡಿದ್ದರು.

"ಕ್ಯಾಪ್ಟನ್ ಆಗಿದ್ದೋನು ಕಣ್ರೀ! ಕುಡುಕ ಅಂತ ಎಲ್ಲಾ ಆಡ್ಕೊಂಡ್ರು. ಸೈನ್ಯ ಬಿಟ್ಬಂದು ಬೀದೀಲಿ ಸೌದೆ ಮಾರ್ದ!"

ಹುಡುಗನ ತಂದೆಯ ಕೈಯಲ್ಲಿ ಚಮಚ ನಿಂತಿತು. ಅಯ್ಯೋ, ನನ್ನ ಬುದ್ಧಿಗಿಷ್ಟು! "ಸಾಕು ನಿಲ್ಸಪ್ಪ!" ಎಂದು ಕೂಗಿಬಿಟ್ಟೆ. ಅವರು ನನ್ನನ್ನು ನೋಡಿದರು, ಆಮೇಲೆ ಮಗನನ್ನು. ನನಗೆ ವಿಷಯ ಗೊತ್ತೆಂದು ಅವರಿಗೆ ತಿಳಿದುಹೋಯಿತು. ಅಪ್ಪ ಏನೂ ತಿಳಿಯದೆ ಆಡಿದ್ದರು; ತಿಳಿದೂ ಮರ್ಯಾದೆ ಕಳೆದವಳು ನಾನು. ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

"ಹೇಳ್ಲಿ ಬುಡಮ್ಮ," ಎಂದರು ಅವರು. "ಆಮೇಲೇನಾಯ್ತು ಮೇಷ್ಟ್ರೇ?"

"ಯುದ್ಧ ಬಂತು. ಮತ್ತೆ ಸೇರ್ದ, ಗೆದ್ದ, ಕೊನೆಗೆ ಅಧ್ಯಕ್ಷನೇ ಆದ!"

"ಕುಡಿಯೋದು ಬುಟ್ನಾ?"

ಅಪ್ಪ ತಡವರಿಸಿದರು. "ಅದು... ಒಬ್ಬೊಬ್ರು ಒಂದೊಂದು ಬರೀತಾರೆ."

"ನಾನು ಬುಟ್ಟೆ ಕಣ್ರೀ," ಎಂದು ಅವರು ಮತ್ತೆ ತಟ್ಟೆಗೆ ಕೈಹಾಕಿದರು.

ಮದುವೆಯೇನೋ ಆಯಿತು. ಒಂಟಿಕೊಪ್ಪಲಿನ ಗಂಡನ ಮನೆಯಲ್ಲಿ ಮಾವ ಒಂದು ದಿನವೂ ಆ ಮಾತೆತ್ತಿ ನನ್ನನ್ನು ಚುಚ್ಚಲಿಲ್ಲ. ಒಂದು ಸಲ ಬೈದಿದ್ದರೆ ನನ್ನ ನಾಚಿಕೆ ಅಲ್ಲಿಗೇ ಮುಗಿಯುತ್ತಿತ್ತೇನೋ.

ಮೊನ್ನೆ ಗಂಡಿನವರು ಬಂದು ಕೂತರು. ಮಾತು ಶುರುವಾಗುವ ಮೊದಲೇ ಮಾವ ಗಂಟಲು ಸರಿಮಾಡಿಕೊಂಡರು. "ಒಂದ್ ವಿಷ್ಯ ಮೊದ್ಲೇ ಹೇಳ್ಬುಡ್ತೀನಿ. ನಾನು ಮಿಲಿಟರಿ ಬುಟ್ಟಿದ್ದು ಯಾಕೆ ಅಂದ್ರೆ..."

"ಸಾಕು ಮಾವ" ಎಂಬುದು ನನ್ನ ನಾಲಿಗೆ ತುದಿಗೇ ಬಂದಿತ್ತು. ಬಾಯಿ ಮುಚ್ಚಿಕೊಂಡು, ಹೋಗಿ ಅವರ ಪಕ್ಕದಲ್ಲೇ ಕೂತೆ.